ಮನೆಯ ವರ್ಕ್‌ಶಾಪ್‌ಗೆ ಟೂಲ್ಸ್: ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ಕೊಳ್ಳುವ ಮುನ್ನ ಇದನ್ನು ಓದಿ

ಬೆಂಗಳೂರಿನಲ್ಲಾದರೆ ಸ್ಕ್ರೂ ಬೇಕಿರಲಿ, ಸರ್ಕ್ಯೂಟ್ ಬೋರ್ಡ್ ಬೇಕಿರಲಿ, ಎಸ್.ಪಿ. ರಸ್ತೆಗೆ ಒಂದು ಸುತ್ತು ಹೋಗಿಬಂದರೆ ಕೆಲಸ ಮುಗಿಯಿತು. ಉದ್ಯೋಗಕ್ಕೆಂದು ಗುಜರಾತಿಗೆ ಹೋಗಿ ನೆಲೆಸಿದ ಕನ್ನಡಿಗರಲ್ಲಿ ಮರಗೆಲಸ, ಎಲೆಕ್ಟ್ರಾನಿಕ್ಸ್, ಸಣ್ಣಪುಟ್ಟ ರಿಪೇರಿಯ ಹವ್ಯಾಸ ಇರುವವರು ಇದನ್ನೇ ಅಲ್ಲೂ ಹುಡುಕುತ್ತಾರೆ. ಅಲ್ಲಿ ಎಲ್ಲವೂ ಒಂದೇ ಬೀದಿಯಲ್ಲಿ ಸಿಗುವುದಿಲ್ಲ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳ ಕೈಗಾರಿಕೆ ಬೇರೆ ಬೇರೆ. ಹಾಗಾಗಿ ಅಲ್ಲಿ ಸುಲಭವಾಗಿ ಸಿಗುವ ಸಾಮಾನುಗಳೂ ಬೇರೆ ಬೇರೆ.

ಅಹಮದಾಬಾದ್: ಭಾನುವಾರದ ಗುಜರಿ

ನಾವು ಹಳೆಯ ಸಾಮಾನಿಗೆ 'ಗುಜರಿ' ಅನ್ನುತ್ತೇವೆ. ಅಹಮದಾಬಾದಿನಲ್ಲಿ ಗುಜರಿ ಎಂದರೆ ಸಬರಮತಿ ದಂಡೆಯಲ್ಲಿ, ಎಲ್ಲಿಸ್ ಸೇತುವೆಯ ಬಳಿ ಪ್ರತಿ ಭಾನುವಾರ ನಡೆಯುವ ಸಂತೆ. ನಗರ ಸ್ಥಾಪನೆಯಾದದ್ದು 1411ರಲ್ಲಿ. ಅದಾದ ಮೂರೇ ವರ್ಷಕ್ಕೆ, ಸುಲ್ತಾನ್ ಅಹ್ಮದ್ ಶಾ ಕಾಲದಲ್ಲೇ ಸಂತೆ ಶುರುವಾಯಿತು ಎಂಬುದು ಅಲ್ಲಿನವರ ಮಾತು. ನದಿ ದಂಡೆಯ ಅಭಿವೃದ್ಧಿ ಯೋಜನೆಯ ನಂತರ, 2014ರಲ್ಲಿ, ಅದಕ್ಕೆ ಕಟ್ಟೆ, ನೆರಳು ಇರುವ ಹೊಸ ಜಾಗ ಸಿಕ್ಕಿತು.

ಇಲ್ಲಿ ಹಳೆಯ ಪುಸ್ತಕ, ಪಾತ್ರೆ, ಪೀಠೋಪಕರಣಗಳ ನಡುವೆ ಟೂಲ್ಸ್ ರಾಶಿಯೂ ಇರುತ್ತದೆ. ಸುತ್ತಿಗೆ, ಉಳಿ, ಬೆಂಚ್ ವೈಸ್, ಪಾನಾಗಳನ್ನು ಹಳೆಯದು ಕೊಂಡರೆ ನಷ್ಟವಿಲ್ಲ. ಎಷ್ಟೋ ಸಲ ಹೊಸದಕ್ಕಿಂತ ಗಟ್ಟಿ ಉಕ್ಕು ಸಿಗುತ್ತದೆ. ವೈಸ್ ಕೊಳ್ಳುವಾಗ ದವಡೆಗಳನ್ನು ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಒಂದು ಬದಿಯಲ್ಲಿ ಸಂದು ಕಂಡರೆ ಬೇಡ. ವರ್ನಿಯರ್ ಆದರೆ ದವಡೆ ಮುಚ್ಚಿದಾಗ ಎರಡೂ ಸೊನ್ನೆ ಒಂದೇ ಗೆರೆಗೆ ಬರಬೇಕು. ಗ್ರೈಂಡರ್, ಕಟಿಂಗ್ ಡಿಸ್ಕ್, ವೆಲ್ಡಿಂಗ್ ಕೇಬಲ್ ಮಾತ್ರ ಸಂತೆಯಲ್ಲಿ ಕೊಳ್ಳಲೇಬೇಡಿ.

ಎಲೆಕ್ಟ್ರಾನಿಕ್ಸ್‌ಗೆ ಹಳೆ ನಗರದ ರಿಲೀಫ್ ರೋಡ್ ಹೆಸರುವಾಸಿ. ಲಿಥಿಯಂ ಬ್ಯಾಟರಿ ಸೆಲ್ ಕೊಳ್ಳುವವರು ಎಲ್ಲೇ ಕೊಂಡರೂ ಒಂದು ಲೆಕ್ಕ ನೆನಪಿಡಿ. 18650 ಎಂದರೆ 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದ. ಆ ಗಾತ್ರದ ಒಳ್ಳೆಯ ಸೆಲ್‌ಗಳ ಸಾಮರ್ಥ್ಯ ಸಾಮಾನ್ಯವಾಗಿ 2,000ದಿಂದ 3,500 ಎಂಎಎಚ್, ತೂಕ 45 ಗ್ರಾಂ ಆಸುಪಾಸು. ಮೇಲೆ 9,900 ಎಂದು ಬರೆದು, ಕೈಗೆ ಹಗುರವಾಗಿದ್ದರೆ ಅದು ನಕಲಿ.

ಹಳೆಯ ಮೋಟಾರ್ ಮನೆಗೆ ತಂದರೆ?

ರಖಿಯಾಲ್, ಓಢವ್, ವಟವಾ ಕಡೆ ಸಣ್ಣ ಕಾರ್ಖಾನೆಗಳು ಹೆಚ್ಚು. ಸಣ್ಣ ಲೇತ್, ಡ್ರಿಲ್ ಪ್ರೆಸ್ ಹುಡುಕುವವರಿಗೆ ರಾಜ್‌ಕೋಟ್‌ನಲ್ಲಿ ತಯಾರಾದ ಯಂತ್ರಗಳೂ ಸಿಗುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ಹೊತ್ತು ತಂದ ಮೇಲೆ ಅದರ ಮೋಟಾರ್ ತ್ರೀ ಫೇಸ್ ಎಂದು ಗೊತ್ತಾಗಿ ತಲೆ ಮೇಲೆ ಕೈಹೊತ್ತು ಕೂರುವವರು ಇದ್ದಾರೆ. ಮನೆಗೆ ಬರುವುದು 230 ವೋಲ್ಟ್ ಸಿಂಗಲ್ ಫೇಸ್. ಕಾರ್ಖಾನೆಯ ಮೋಟಾರ್ ಕೇಳುವುದು 415 ವೋಲ್ಟ್.

ಹಾಗೆಂದು ಅದನ್ನು ಎಸೆಯಬೇಕಿಲ್ಲ. ಸಿಂಗಲ್ ಫೇಸ್ ಕರೆಂಟ್ ತೆಗೆದುಕೊಂಡು ತ್ರೀ ಫೇಸ್ ಕೊಡುವ ವಿಎಫ್‌ಡಿ ಎಂಬ ಡ್ರೈವ್ ಸಿಗುತ್ತದೆ. ಆದರೆ ಅದು ಹೊರಗೆ ಕೊಡುವುದೂ 230 ವೋಲ್ಟೇ. ನಮ್ಮಲ್ಲಿ 2 ಎಚ್‌ಪಿವರೆಗಿನ ಮೋಟಾರ್‌ಗಳು ಸಾಮಾನ್ಯವಾಗಿ 'ಸ್ಟಾರ್' ಜೋಡಣೆಯಲ್ಲಿರುತ್ತವೆ. ಟರ್ಮಿನಲ್ ಬಾಕ್ಸ್‌ನಲ್ಲಿ ಆರು ತಂತಿಗಳ ತುದಿ ಹೊರಗಿದ್ದರೆ ಎಲೆಕ್ಟ್ರಿಷಿಯನ್ ಅದನ್ನು 'ಡೆಲ್ಟಾ'ಗೆ ಬದಲಿಸಿ ಕೊಡಬಲ್ಲರು, ಆಗ ಮೋಟಾರ್ ಪೂರ್ಣ ಬಲದಲ್ಲಿ ತಿರುಗುತ್ತದೆ. ಮೂರೇ ತುದಿ ಇದ್ದರೆ ಮೋಟಾರ್ ಬಿಚ್ಚಬೇಕು. ಹಣ ಕೊಡುವ ಮೊದಲು ಅಂಗಡಿಯವರಿಂದ ಬಾಕ್ಸ್ ತೆಗೆಸಿ ನೋಡಿ. ನಾಲ್ಕು ಸ್ಕ್ರೂ ಬಿಚ್ಚುವ ಕೆಲಸ ಅಷ್ಟೇ.

ವಡೋದರಾ: ಬೇರಿಂಗ್ ಮತ್ತು ಎಲೆಕ್ಟ್ರಿಕಲ್

ವಡೋದರಾದ ತಾಂತ್ರಿಕ ಪರಂಪರೆ ಹಳೆಯದು. ಮಹಾರಾಜ ಸಯಾಜಿರಾವ್ ಗಾಯಕವಾಡರು 1890ರಲ್ಲಿ ಇಲ್ಲಿ ಕಲಾಭವನ ಸ್ಥಾಪಿಸಿ ಕುಶಲಕರ್ಮ, ತಂತ್ರಜ್ಞಾನ ಕಲಿಸಲು ಶುರುಮಾಡಿದರು. ಅದೇ ಇಂದು ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗ. ಎಲೆಕ್ಟ್ರಿಕಲ್ ಉಪಕರಣಗಳ ಪರೀಕ್ಷೆ ನಡೆಸುವ 'ಎರ್ಡಾ' ಸಂಸ್ಥೆ ಮಕರ್‌ಪುರಾದಲ್ಲಿದೆ. ಎಫ್‌ಎಜಿ ಬೇರಿಂಗ್ ತಯಾರಾಗುವ ಷೆಫ್ಲರ್ ಕಾರ್ಖಾನೆ ಮಾನೇಜಾದಲ್ಲಿದೆ.

ಬೇರಿಂಗ್ ನಂಬರ್ ಓದುವುದು ಕಲಿತರೆ ಅಂಗಡಿಯಲ್ಲಿ ಅರ್ಧ ಕೆಲಸ ಮುಗಿದಂತೆ. ಕೊನೆಯ ಎರಡು ಅಂಕಿ ಒಳಗಿನ ತೂತಿನ ಅಳತೆ. 04ರಿಂದ ಮೇಲಕ್ಕೆ ಐದರಿಂದ ಗುಣಿಸಿ: 6204ರ ತೂತು 20 ಮಿ.ಮೀ., 6205ರದ್ದು 25. ಅದಕ್ಕಿಂತ ಕೆಳಗಿನ ನಾಲ್ಕನ್ನು ಬಾಯಿಪಾಠ ಮಾಡಬೇಕು: 00 ಎಂದರೆ 10, 01 ಎಂದರೆ 12, 02 ಎಂದರೆ 15, 03 ಎಂದರೆ 17. ಸೀಲಿಂಗ್ ಫ್ಯಾನ್‌ನಲ್ಲಿ ಹೆಚ್ಚಾಗಿ ಕಾಣುವುದು 6202. ಕೊನೆಯಲ್ಲಿ 'ಝಡ್‌ಝಡ್' ಇದ್ದರೆ ತಗಡಿನ ಮುಚ್ಚಳ, '2ಆರ್‌ಎಸ್' ಇದ್ದರೆ ರಬ್ಬರ್. ಮರದ ಧೂಳು ಹಾರುವ ಕಡೆ ರಬ್ಬರಿನದೇ ವಾಸಿ. ಹೆಸರಾಂತ ಬ್ರಾಂಡ್‌ಗಳ ನಕಲಿ ಬೇರಿಂಗ್ ದೇಶದ ಎಲ್ಲ ಕಡೆ ಓಡಾಡುತ್ತವೆ, ಹೀಗಾಗಿ ಅಧಿಕೃತ ಡೀಲರ್ ಹತ್ತಿರವೇ ಹೋಗುವುದು ಒಳ್ಳೆಯದು.

ವೈರ್, ಪ್ಲಗ್, ಸಾಕೆಟ್ ಮೇಲೆ ಐಎಸ್‌ಐ ಗುರುತು, ಅದರ ಕೆಳಗೆ 'ಸಿಎಂ/ಎಲ್' ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ಯಾರದ್ದು, ಚಾಲ್ತಿಯಲ್ಲಿದೆಯೇ ಎಂಬುದು ಅಂಗಡಿಯಲ್ಲಿ ನಿಂತಲ್ಲೇ ತಿಳಿಯುತ್ತದೆ. ವರ್ಕ್‌ಶಾಪ್ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ ಕಾಯುವುದು ವೈರನ್ನು, ಶಾಕ್ ಹೊಡೆದಾಗ ನಿಮ್ಮನ್ನು ಕಾಯುವುದು ಆರ್‌ಸಿಸಿಬಿ. ಮೊದಲು ಡ್ರಿಲ್ ಕೊಂಡು ಆರ್‌ಸಿಸಿಬಿಯನ್ನು 'ಮುಂದಿನ ತಿಂಗಳು' ಎನ್ನುವವರೇ ಹೆಚ್ಚು.

ಸೂರತ್: ವಜ್ರದ ಪುಡಿ, ಮಗ್ಗದ ಬೆಲ್ಟ್

ಸೂರತ್ ಎಂದರೆ ವಜ್ರ ಮತ್ತು ಬಟ್ಟೆ. ವರಾಛಾ, ಕತಾರ್‌ಗಾಮ್ ಬಡಾವಣೆಗಳಲ್ಲಿ ವಜ್ರ ಉಜ್ಜುವ ಘಟಕಗಳು ಸಾಲು ಸಾಲಾಗಿವೆ. ಹವ್ಯಾಸಿಗೆ ಇದರಿಂದ ಏನು ಲಾಭ? ಡೈಮಂಡ್ ಫೈಲ್, ಡೈಮಂಡ್ ಪೇಸ್ಟ್, ನುಣುಪು ಮಾಡುವ ಸಾಮಾನುಗಳ ಬಗ್ಗೆ ನಿಜವಾಗಿ ಗೊತ್ತಿರುವ ಜನ ಇಲ್ಲಿದ್ದಾರೆ. ಉಳಿ ಹರಿತ ಮಾಡಲು ಡೈಮಂಡ್ ಪ್ಲೇಟ್ ಮೇಲೆ ಕೈಯಿಂದ ಉಜ್ಜಿದರೆ ತೊಂದರೆಯಿಲ್ಲ. ಆದರೆ ವೇಗವಾಗಿ ತಿರುಗುವ ಡೈಮಂಡ್ ವೀಲ್‌ಗೆ ಉಕ್ಕು ಹಿಡಿಯಬೇಡಿ. ವಜ್ರವೂ ಇಂಗಾಲವೇ ಆದ್ದರಿಂದ ಬಿಸಿಯಲ್ಲಿ ಕಬ್ಬಿಣದೊಳಗೆ ಸೇರಿ ವೀಲ್ ಬೇಗ ಸವೆಯುತ್ತದೆ. ಅದು ಕಾರ್ಬೈಡ್‌ಗೆ. ಎಚ್‌ಎಸ್‌ಎಸ್ ಟೂಲ್‌ಗೆ ಸಿಬಿಎನ್ ವೀಲ್ ಕೇಳಿ.

ಉಧ್ನಾ, ಪಾಂಡೇಸರಾ ಕಡೆ ಮಗ್ಗದ ಉದ್ಯಮ ಇರುವುದರಿಂದ ಬೆಲ್ಟ್, ಪುಲ್ಲಿ ಹುಡುಕುವುದು ಕಷ್ಟವಲ್ಲ. ಎ-36 ಎಂಬ ವಿ ಬೆಲ್ಟ್ ಎಂದರೆ 13 ಮಿ.ಮೀ. ಅಗಲದ ಎ ವರ್ಗ, ಒಳಸುತ್ತು 36 ಇಂಚು. ಆದರೂ ಹಳೆಯ ಬೆಲ್ಟನ್ನು ಜೊತೆಗೆ ಒಯ್ಯಿರಿ.

ಗ್ರೈಂಡರ್ ಬಗ್ಗೆ ಹುಷಾರ್

ನಾಲ್ಕು ಇಂಚಿನ ಆ್ಯಂಗಲ್ ಗ್ರೈಂಡರ್ ಈಗ ಬಹುತೇಕ ಹವ್ಯಾಸಿಗಳ ಎರಡನೇ ಖರೀದಿ. ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ 100 ಮಿ.ಮೀ. ಡಿಸ್ಕ್‌ನ ಅಂಚು ಗಂಟೆಗೆ 200 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಓಡುತ್ತದೆ. ಒಡೆದ ಚೂರು ಅದೇ ವೇಗದಲ್ಲಿ ಹಾರುತ್ತದೆ. ದೊಡ್ಡ ಡಿಸ್ಕ್ ಕೂರಿಸಲು ಗಾರ್ಡ್ ಬಿಚ್ಚುವುದು, ಅದೇ ಯಂತ್ರಕ್ಕೆ ಹಲ್ಲಿರುವ ಮರದ ಬ್ಲೇಡ್ ಹಾಕುವುದು ಎರಡೂ ಕೈ, ಕಣ್ಣು ಕಳೆಯುವ ಕೆಲಸ. ಹಲ್ಲು ಮರಕ್ಕೆ ಕಚ್ಚಿದ ಕ್ಷಣ ಯಂತ್ರ ಹಿಂದಕ್ಕೆ ಎಗರುತ್ತದೆ. ಡಿಸ್ಕ್ ಮೇಲಿನ ಗರಿಷ್ಠ ಸುತ್ತಿನ ಸಂಖ್ಯೆ ಯಂತ್ರದ ಸುತ್ತಿಗಿಂತ ಹೆಚ್ಚಿರಬೇಕು. ನಡುವಿನ ಲೋಹದ ರಿಂಗ್ ಮೇಲೆ ತಿಂಗಳು, ವರ್ಷ ಅಚ್ಚಾಗಿದ್ದರೆ ಅದು ಬಳಕೆಯ ಕೊನೆಯ ಅವಧಿ. ದಾಟಿದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಭಾಷೆ, ಅಳತೆ, ಬಿಲ್

ಅಂಗಡಿಯಲ್ಲಿ ಹಿಂದಿ ನಡೆಯುತ್ತದೆ. ಗುಜರಾತಿಯಲ್ಲಿ ಸ್ಕ್ರೂಡ್ರೈವರ್‌ಗೆ 'ಡಿಸ್‌ಮಿಸ್', ಇಕ್ಕಳಕ್ಕೆ 'ಪಕ್ಕಡ್', ಉಳಿಗೆ 'ಛೀಣಿ', ಸ್ಪ್ಯಾನರ್‌ಗೆ 'ಪಾನು'. ಕೊನೆಯದು ನಮ್ಮ ಪಾನಾದ ನೆಂಟ. ನಮ್ಮ ಬಡಗಿಗಳು ಇಂಚಿನ ಎಂಟನೇ ಒಂದು ಭಾಗಕ್ಕೆ 'ನೂಲು' ಎನ್ನುವಂತೆ ಹಾರ್ಡ್‌ವೇರ್ ಹಿಂದಿಯಲ್ಲಿ 'ಸೂತ್' ಎನ್ನುತ್ತಾರೆ. ಎರಡು ಸೂತ್ ಬೋಲ್ಟ್ ಎಂದರೆ ಕಾಲು ಇಂಚು, ಅಂದರೆ 6.35 ಮಿ.ಮೀ. ಅದು ಎಂ6 ಅಲ್ಲ, ನಟ್ ಕೂರುವುದಿಲ್ಲ. ಎಂ6 ಟ್ಯಾಪ್ ಹೊಡೆಯಲು 5 ಮಿ.ಮೀ., ಎಂ8ಕ್ಕೆ 6.8 ಮಿ.ಮೀ. ಡ್ರಿಲ್ ಬಿಟ್ ಬೇಕು.

ಬಿಲ್ ಇಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇವೆ ಎಂದರೆ ಕೈ ಉಪಕರಣಕ್ಕೆ ನಿಮ್ಮಿಷ್ಟ. ಪವರ್ ಟೂಲ್ ಆದರೆ ಸೀರಿಯಲ್ ನಂಬರ್ ಸಹಿತ ಜಿಎಸ್‌ಟಿ ಬಿಲ್ ಬೇಕು, ಅದಿಲ್ಲದೆ ವಾರಂಟಿ ಸಿಗುವುದು ಕಷ್ಟ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದೀಪಾವಳಿ ರಜೆಯಲ್ಲಿ ಖರೀದಿಗೆಂದು ಹೊರಡಬೇಡಿ. ಹಬ್ಬಕ್ಕೆ ಬಾಗಿಲು ಹಾಕಿದ ಎಷ್ಟೋ ಅಂಗಡಿಗಳು ಮತ್ತೆ ತೆರೆಯುವುದು ಕಾರ್ತಿಕ ಶುದ್ಧ ಪಂಚಮಿ, ಅಂದರೆ ಲಾಭ ಪಂಚಮಿಯ ದಿನ.

ಕೊಂಡದ್ದನ್ನು ವಿಮಾನದಲ್ಲಿ ಊರಿಗೆ ತರುವವರು ಡ್ರಿಲ್, ಬಿಟ್, ಉಳಿಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ. ಕಾರ್ಡ್‌ಲೆಸ್ ಟೂಲ್‌ನ ಬಿಡಿ ಲಿಥಿಯಂ ಬ್ಯಾಟರಿ ಮಾತ್ರ ಕೈಚೀಲದಲ್ಲೇ ಇರಬೇಕು. 18 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿ ಎಂದರೆ 90 ವ್ಯಾಟ್-ಅವರ್, 100ರ ಮಿತಿಯೊಳಗೇ ಬರುತ್ತದೆ. ಅದರ ತುದಿಗಳಿಗೆ ಟೇಪ್ ಸುತ್ತಿಕೊಂಡು ಹೋಗಿ.