ಅಬಿಂಗ್‌ಡನ್ ಮುಚ್ಚಿದ ಮೇಲೂ ಓಡುವ ಕಾರು

ಎಂಜಿ ಟಿಸಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಎಂಜಿನ್ನಿನಿಂದ ಒಂದು ಬೋಲ್ಟು ಬಿಚ್ಚಿ ನೋಡಿದರೆ ಅದರ ತಲೆಗೆ ವಿಟ್‌ವರ್ತ್ ಎಂಬ ಬ್ರಿಟಿಷ್ ಮಾನದ ಸ್ಪ್ಯಾನರು ಅಳತೆ ತೆಗೆದಂತೆ ಕೂರುತ್ತದೆ. ತಲೆ ನೋಡಿ ವಿಟ್‌ವರ್ತ್ ಬೋಲ್ಟನ್ನೇ ತಂದು ಹಾಕಲು ಹೋದರೆ ಅದು ಒಂದೆರಡು ಸುತ್ತಿಗೇ ಕಚ್ಚಿಕೊಳ್ಳುತ್ತದೆ. ಬಲ ಹಾಕಿದರೆ ಬ್ಲಾಕಿನೊಳಗಿನ ಥ್ರೆಡ್ಡೇ ಕಿತ್ತುಬರುತ್ತದೆ. ಕಾರಣ, ಆ ಬೋಲ್ಟಿನ ತಲೆ ಇಂಗ್ಲೆಂಡಿನದು, ಥ್ರೆಡ್ ಫ್ರಾನ್ಸಿನದು.

ಇದರ ಹಿಂದೆ ಒಂದು ಯುದ್ಧದ ಕತೆಯಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಬಂದೂಕು ಕಂಪನಿ ಹಾಚ್‌ಕಿಸ್ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು. ಯುದ್ಧ ಮುಗಿದು ಬಂದೂಕಿಗೆ ಬೇಡಿಕೆ ತಗ್ಗಿದಾಗ ಅಲ್ಲಿ ವಿಲಿಯಂ ಮಾರಿಸ್‌ನ ಕಾರುಗಳಿಗೆ ಎಂಜಿನ್ ತಯಾರಾಗತೊಡಗಿತು. 1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡುಕೊಂಡ. ಯಂತ್ರಗಳೆಲ್ಲ ಮೆಟ್ರಿಕ್ ಅಳತೆಯವು, ಬದಲಿಸುವುದು ದುಬಾರಿ. ಹಾಗಾಗಿ ಥ್ರೆಡ್ ಮೆಟ್ರಿಕ್ ಆಗಿಯೇ ಉಳಿಯಿತು, ಬ್ರಿಟಿಷ್ ಮೆಕ್ಯಾನಿಕ್‌ಗಳ ಕೈಯಲ್ಲಿದ್ದ ಸ್ಪ್ಯಾನರಿಗೆ ಹೊಂದುವಂತೆ ತಲೆ ಮಾತ್ರ ವಿಟ್‌ವರ್ತ್ ಆಯಿತು. ಈ ಏರ್ಪಾಡು 1955ರವರೆಗೆ ಎಂಜಿಯ ಟಿ ಸರಣಿಯ ಕಾರುಗಳ ಎಂಜಿನ್‌ಗಳಲ್ಲಿ ನಡೆಯಿತು. ಇವತ್ತು ಟಿಸಿ ರಿಪೇರಿಗೆ ಕೂತವರು ಕಾರಿನ ಚರಿತ್ರೆ ಓದದೆ ಒಂದು ನಟ್ಟನ್ನೂ ಕೊಳ್ಳುವಂತಿಲ್ಲ.

ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ಮಾರಿಸ್ ಕಾರುಗಳ ಮಾರಾಟ, ರಿಪೇರಿ ನೋಡಿಕೊಳ್ಳುತ್ತಿದ್ದ ಅಂಗಡಿಯದು. 1920ರ ದಶಕದಲ್ಲಿ ಅದರ ಮ್ಯಾನೇಜರ್ ಆಗಿದ್ದ ಸೆಸಿಲ್ ಕಿಂಬರ್, ಮಾರಿಸ್‌ನ ಸಾದಾ ಕಾರಿನ ಚಾಸಿಗೆ ಚೆಲುವಾದ ಹಗುರ ಬಾಡಿ ಕೂರಿಸಿ ಮಾರತೊಡಗಿದ. 1929ರಲ್ಲಿ ಕಂಪನಿ ಹತ್ತಿರದ ಅಬಿಂಗ್‌ಡನ್‌ಗೆ, ಒಂದು ಚರ್ಮದ ಕಾರ್ಖಾನೆಯ ಕಟ್ಟಡಕ್ಕೆ ಸ್ಥಳಾಂತರವಾಯಿತು. ಮುಂದಿನ 51 ವರ್ಷ ಅದೇ ಅದರ ಮನೆ.

ಸಾದಾ ಕಾರಿನ ಸಾಮಾನಿನಿಂದ ಸ್ಪೋರ್ಟ್ಸ್ ಕಾರು ಕಟ್ಟುವುದು ಅಬಿಂಗ್‌ಡನ್‌ನವರಿಗೆ ಕೊನೆಯವರೆಗೂ ರೂಢಿಯಾಗಿಯೇ ಉಳಿಯಿತು. ಆಗಿನ ವಿಮರ್ಶಕರಲ್ಲಿ ಕೆಲವರು ಇದನ್ನು ಕುಂದು ಎಂದು ಎಣಿಸಿದ್ದುಂಟು. ಆದರೆ ಅರ್ಧ ಶತಮಾನದ ಮೇಲೆ ಹಿಂತಿರುಗಿ ನೋಡಿದರೆ, ಈ ಕಾರುಗಳು ಇನ್ನೂ ರಸ್ತೆಯ ಮೇಲಿರುವುದಕ್ಕೆ ಮೊದಲ ಕಾರಣವೇ ಅದು. 1962ರಲ್ಲಿ ಬಂದ ಎಂಜಿಬಿಯನ್ನೇ ನೋಡಿ. ಅದರ 1798 ಸಿಸಿ ಎಂಜಿನ್ನು, ಆಗ ಎಂಜಿಯ ಒಡೆಯನಾಗಿದ್ದ ಬಿಎಂಸಿ ಕಂಪನಿಯ ಬಿ ಸರಣಿಯದು. ಅದೇ ಎಂಜಿನ್ನು ಆಸ್ಟಿನ್ 1800 ಎಂಬ ಸಂಸಾರಸ್ಥರ ಕಾರಿನಲ್ಲೂ ಮುಂದೆ ಮಾರಿಸ್ ಮರೀನಾದಲ್ಲೂ ಇತ್ತು. ಮುಂದಿನ ಸಸ್ಪೆನ್ಷನ್ನಿನ ಮೂಲ, ಎಂಜಿನಿಯರ್ ಅಲೆಕ್ ಇಸಿಗೊನಿಸ್ ಎರಡನೇ ಮಹಾಯುದ್ಧಕ್ಕೂ ಮುಂಚೆ ರೂಪಿಸಿದ ವಿನ್ಯಾಸ. ಅದು 1947ರ ವೈ ಟೈಪ್ ಸೆಡಾನಿನಿಂದ ಹೊರಟು ಟಿಡಿ, ಎಂಜಿಎಗಳ ಮೂಲಕ ಎಂಜಿಬಿಗೆ ಬಂದು ತಲುಪಿತು. ಕಾರ್ಬ್ಯುರೇಟರ್ ಎಸ್‌ಯು, ವಯರಿಂಗ್ ಲ್ಯೂಕಾಸ್: ಎರಡೂ ಬ್ರಿಟನ್ನಿನ ಬೀದಿಬೀದಿಯ ಕಾರುಗಳಲ್ಲಿದ್ದವು. 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು, ಬಹುಪಾಲು ಅಮೆರಿಕಕ್ಕೆ ಹೋದವು. ಇಷ್ಟು ಕಾರು ಇದ್ದ ಮೇಲೆ ಅದರ ಬಿಡಿಭಾಗ ಮಾಡುವವನಿಗೂ ಗಿರಾಕಿ ಇದ್ದೇ ಇರುತ್ತಾನೆ. ಅಲ್ ಮಾಸ್ 1948ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರು ಮಾಡಿದ ಸಣ್ಣ ಗ್ಯಾರೇಜು, ಮುಂದೆ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಬಿಡಿಭಾಗ ಮಾರುವ ದೊಡ್ಡ ಕಂಪನಿಯಾಗಿ ಬೆಳೆದದ್ದು ಹೀಗೆ.

ಇದೇ ಅಬಿಂಗ್‌ಡನ್‌ನಲ್ಲಿ ತಯಾರಾದ, ಆದರೆ ಸಾದಾ ಕಾರುಗಳೊಂದಿಗೆ ನಂಟು ಕಡಿದುಕೊಂಡ ಕಾರುಗಳ ಪಾಡು ಬೇರೆ. 1958ರ ಎಂಜಿಎ ಟ್ವಿನ್ ಕ್ಯಾಮ್‌ಗೆ ಎರಡು ಕ್ಯಾಮ್‌ಶಾಫ್ಟಿನ ವಿಶೇಷ ಹೆಡ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು. ಸಾದಾ ಎಂಜಿಎಗಿಂತ ಅದು ವೇಗದ ಕಾರು, ಪಿಸ್ಟನ್ನುಗಳು ಮಾತ್ರ ಓಡುತ್ತಿದ್ದಂತೆ ತೂತಾಗುತ್ತಿದ್ದವು. ಪೆಟ್ರೋಲು ಕಳಪೆ ಎಂದರು, ಇಗ್ನಿಷನ್ ಟೈಮಿಂಗ್ ತಪ್ಪಿದೆ ಎಂದರು. ಕೊನೆಗೆ ಕಂಪ್ರೆಷನ್ನನ್ನು 9.9ರಿಂದ 8.3ಕ್ಕೆ ಇಳಿಸಿದರು. 2,111 ಕಾರು ತಯಾರಾಗುವಷ್ಟರಲ್ಲಿ 1960ರಲ್ಲಿ ಆ ಮಾದರಿಯೇ ನಿಂತಿತು. ಮೂಲ ದೋಷ ಬಯಲಾದದ್ದು ಎಷ್ಟೋ ವರ್ಷಗಳ ನಂತರ: ಎಂಜಿನ್ನಿನ ಒಂದು ವೇಗದಲ್ಲಿ ಕಾರ್ಬ್ಯುರೇಟರುಗಳು ಅದುರಿ, ಪೆಟ್ರೋಲು ಕಡಿಮೆಯಾಗಿ ಗಾಳಿಯೇ ಹೆಚ್ಚಾಗುತ್ತಿತ್ತು, ಪಿಸ್ಟನ್ ಸುಡುತ್ತಿತ್ತು. ಕಾರ್ಬ್ಯುರೇಟರನ್ನು ಬಾಗುವಂಥ ಮೌಂಟಿಂಗಿನ ಮೇಲೆ ಕೂರಿಸಿದರೆ ಕಾಯಿಲೆ ವಾಸಿ. ಒಂದು ಕಾರಿನ ಆಯುಷ್ಯವನ್ನೇ ಮುಗಿಸಿದ ರೋಗಕ್ಕೆ ಇಷ್ಟು ಅಗ್ಗದ ಮದ್ದು ಇತ್ತೆನ್ನುವುದು ನೋವಿನ ಮಾತು. ಇವತ್ತು ಆ ಎಂಜಿನ್ನಿನ ಹೆಡ್ ಹುಡುಕುವವರು ಒಂದೊಂದು ಭಾಗಕ್ಕೂ ಕಾಯಬೇಕು. 1967ರಿಂದ 69ರವರೆಗೆ ಬಂದ ಎಂಜಿಸಿಯದೂ ಸ್ವಲ್ಪ ಇದೇ ಕತೆ. ಅದರ 2912 ಸಿಸಿ ಎಂಜಿನ್ನಿಗೆ ಆಸ್ಟಿನ್ 3 ಲೀಟರ್ ಒಂದೇ ಬಂಧು. ಆ ಭಾರದ ಎಂಜಿನ್ನಿಗಾಗಿ ಮಾಡಿದ ಮುಂದಿನ ಸಸ್ಪೆನ್ಷನ್ ಎಂಜಿಬಿಯದಕ್ಕೆ ಹೊಂದುವುದಿಲ್ಲ.

ಹಳೆಯ ಎಂಜಿ ಕೆಟ್ಟು ನಿಂತಾಗ ದೋಷ ಹುಡುಕುವ ವಿದ್ಯೆ ಒಂದು ಪರಂಪರೆಯಾಗಿ ಬೆಳೆದಿದೆ. ಅದಕ್ಕೆ ಬೇಕಾದದ್ದು ಕಿವಿ, ಬೆರಳು, ಒಂದು ಟೆಸ್ಟ್ ಲ್ಯಾಂಪು. ಎಂಜಿಬಿಯ ಕೀಲಿ ತಿರುಗಿಸಿದ ಕೂಡಲೇ ಕಾರಿನ ಹಿಂಭಾಗದಿಂದ ಟಿಕ್ ಟಿಕ್ ಎಂಬ ಸದ್ದು ಬರಬೇಕು. ಅದು ಎಸ್‌ಯು ಕಂಪನಿಯ ವಿದ್ಯುತ್ ಪೆಟ್ರೋಲ್ ಪಂಪು. ಕಾರ್ಬ್ಯುರೇಟರಿನ ಬಟ್ಟಲು ತುಂಬುತ್ತಿದ್ದಂತೆ ಸದ್ದು ನಿಧಾನವಾಗಿ ನಿಲ್ಲಬೇಕು. ನಿಲ್ಲದೆ ಹೊಡೆದುಕೊಳ್ಳುತ್ತಲೇ ಇದ್ದರೆ ಎಲ್ಲೋ ಪೆಟ್ರೋಲು ಸೋರುತ್ತಿದೆ, ಇಲ್ಲವೇ ಪೈಪು ಗಾಳಿ ಎಳೆಯುತ್ತಿದೆ. ಸದ್ದೇ ಇಲ್ಲದಿದ್ದರೆ ಪಂಪಿನ ಪಾಯಿಂಟುಗಳು ಸುಟ್ಟಿರಬಹುದು. ಆಗ ಪಂಪಿನ ಮೈಗೆ ಮೆಲ್ಲನೆ ಒಂದೇಟು ಹಾಕಿದರೆ ಕಾರು ಮನೆಯವರೆಗೆ ಬಂದೀತು, ಪಾಯಿಂಟನ್ನಂತೂ ಬದಲಿಸಲೇಬೇಕು.

ಕಾರ್ಬ್ಯುರೇಟರಿನ ಪರೀಕ್ಷೆ ಇನ್ನೂ ಸೊಗಸು. ಎಂಜಿನ್ನು ಬಿಸಿಯಾಗಿ ಸುಮ್ಮನೆ ಓಡುತ್ತಿರುವಾಗ ಎಸ್‌ಯುವಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಬೇಕು. ವೇಗ ಏರಿ ಏರಿದಲ್ಲೇ ನಿಂತರೆ ಪೆಟ್ರೋಲು ಹೆಚ್ಚು. ಎಂಜಿನ್ನು ಕುಸಿದರೆ ಕಡಿಮೆ. ಒಂದು ಕ್ಷಣ ತುಸು ಏರಿ ಹಿಂದಿನ ವೇಗಕ್ಕೆ ಬಂದರೆ ಸರಿಯಾಗಿದೆ. ಈ ಉಪಕರಣವನ್ನು ರೂಪಿಸಿ 20ನೇ ಶತಮಾನದ ಮೊದಲ ದಶಕದಲ್ಲಿ ಪೇಟೆಂಟ್ ಪಡೆದ ಸ್ಕಿನ್ನರ್ ಸಹೋದರರದು ಲಂಡನ್ನಿನ ಪಾದರಕ್ಷೆ ವ್ಯಾಪಾರದ ಮನೆತನ. ಮೊದಲ ಮಾದರಿಗಳಲ್ಲಿ ಪಿಸ್ಟನ್ನಿನ ಜಾಗದಲ್ಲಿ ಚರ್ಮದ ತಿದಿಯಿತ್ತು.

ಲ್ಯೂಕಾಸ್ ವಯರಿಂಗಿನ ಬಗ್ಗೆ ಇಂಗ್ಲೆಂಡ್, ಅಮೆರಿಕಗಳ ಕಾರುಪ್ರಿಯರು ಕಟ್ಟಿಕೊಂಡ ತಮಾಷೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹೆಚ್ಚಿನವು ನ್ಯಾಯವಲ್ಲ. ವಯರಿನ ಬಣ್ಣಗಳ ಕ್ರಮವನ್ನು ತಿಳಿದವರಿಗೆ ಆ ಕಾರು ತೆರೆದ ಪುಸ್ತಕ: ಕಂದು ಬಣ್ಣದ್ದು ಬ್ಯಾಟರಿಯಿಂದ ನೇರ ಬರುವುದು, ಬಿಳಿಯದು ಕೀಲಿ ತಿರುಗಿಸಿದ ಮೇಲೆ ಜೀವ ಬರುವುದು, ಹಸಿರು ಅದೇ ಕರೆಂಟು ಫ್ಯೂಸ್ ದಾಟಿದ್ದು, ನೀಲಿ ಹೆಡ್‌ಲೈಟಿನದು, ಕೆಂಪು ಸೈಡ್ ಲೈಟಿನದು, ಕಪ್ಪು ಅರ್ತಿಂಗು. ದೀಪ ಮಂಕಾದರೆ ಮೊದಲು ಕಪ್ಪು ವಯರು ಬಾಡಿಗೆ ತಾಗುವ ಜಾಗದ ತುಕ್ಕು ಕೆರೆದು ನೋಡಬೇಕು. ಬಹಳಷ್ಟು ದೋಷ ಅಲ್ಲಿಗೇ ಮುಗಿಯುತ್ತದೆ. ಒಂದು ಎಚ್ಚರಿಕೆ: 1967ಕ್ಕೆ ಹಿಂದಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಅರ್ತಿಂಗು. ಇದನ್ನು ಗಮನಿಸದೆ ಇಂದಿನ ಆಲ್ಟರ್ನೇಟರ್ ಜೋಡಿಸಿದರೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಹೊಸ ಭಾಗ ಹಾಕಿದೆವು, ಆದ್ದರಿಂದ ದೋಷ ಅಲ್ಲಿಲ್ಲ ಎಂದು ನಂಬುವುದು ಈ ಕೆಲಸದಲ್ಲಿ ದೊಡ್ಡ ಅಪಾಯ. ಡಿಸ್ಟ್ರಿಬ್ಯೂಟರಿನೊಳಗಿನ ರೋಟರ್ ಪುಟ್ಟ ವಸ್ತು. ಈಚಿನ ಕಳಪೆ ನಕಲುಗಳಲ್ಲಿ ಹಿತ್ತಾಳೆ ಪಟ್ಟಿಯನ್ನು ಹಿಡಿದಿಡುವ ರಿವೆಟ್ಟು ಆಳಕ್ಕಿಳಿದು ಶಾಫ್ಟಿಗೆ ಹತ್ತಿರವಾಗಿ, ಬಿಸಿಯಾದಾಗ ಸ್ಪಾರ್ಕು ಪ್ಲಗ್ಗಿಗೆ ಹೋಗದೆ ಶಾಫ್ಟಿಗೆ ಹಾರುತ್ತದೆ. ಬೆಳಿಗ್ಗೆ ಚೆನ್ನಾಗಿ ಹೊರಟ ಕಾರು ಮಧ್ಯಾಹ್ನ ನಿಂತುಬಿಡುತ್ತದೆ, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ಅನುಭವಿ ಮೆಕ್ಯಾನಿಕ್ಕುಗಳು ಹಳೆಯ ರೋಟರು, ಕಂಡೆನ್ಸರುಗಳನ್ನು ಎಸೆಯದೆ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ಇದಕ್ಕಾಗಿ.

ಎಂಜಿನ್ನಿನ ಭಾಗ ಹೇಗಾದರೂ ಸಿಗುತ್ತದೆ. ಎಂಜಿಬಿಯ ನಿಜವಾದ ಶತ್ರು ತುಕ್ಕು. ಆ ಕಾರಿಗೆ ಬೇರೆ ಚಾಸಿ ಇಲ್ಲ. ಬಾಗಿಲ ಕೆಳಗಿನ ಸಿಲ್ಲುಗಳೇ ಕಾರಿನ ಬೆನ್ನೆಲುಬು. ಅವು ಒಳಗಿನಿಂದ ಕೊಳೆತರೆ ಮೇಲೆ ಎಷ್ಟು ಟಿಂಕರಿಂಗ್ ಮಾಡಿಸಿದರೂ ಕಾರು ನಡುವಿನಲ್ಲಿ ಜೋಲುತ್ತದೆ.

1979ರ ಸೆಪ್ಟೆಂಬರಿನಲ್ಲಿ ಅಬಿಂಗ್‌ಡನ್ ಊರು ಕಾರ್ಖಾನೆಯ 50ನೇ ವರ್ಷವನ್ನು ಸಂಭ್ರಮದಿಂದ ಆಚರಿಸಿತು. ಅದರ ಬೆನ್ನಿಗೇ, ಆಗ ಎಂಜಿಯ ಒಡೆಯನಾಗಿದ್ದ ಬ್ರಿಟಿಷ್ ಲೇಲ್ಯಾಂಡ್ ಕಂಪನಿ ಅಲ್ಲಿ ಎಂಜಿ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. 1980ರ ಅಕ್ಟೋಬರಿನಲ್ಲಿ ಕೊನೆಯ ಎಂಜಿಬಿ ಹೊರಬಂದು ಗೇಟು ಮುಚ್ಚಿತು. ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯದಂತೆ ನೋಡಿಕೊಂಡವನು ಡೇವಿಡ್ ಬಿಷಪ್. ಹಳೆಯ ಕಾರುಗಳ ಭಾಗಗಳ ಉಸ್ತುವಾರಿಗೆ 1975ರಲ್ಲಿ ಹುಟ್ಟಿದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯಲ್ಲಿದ್ದ ಆತ, ಎಂಜಿಬಿಯ ಬಾಡಿ ಒತ್ತುತ್ತಿದ್ದ ಮೂಲ ಡೈಗಳನ್ನು ಸ್ವಿಂಡನ್‌ನಲ್ಲಿ ಹುಡುಕಿ ತೆಗೆದ. 1988ರಲ್ಲಿ ಫ್ಯಾರಿಂಗ್‌ಡನ್‌ನಲ್ಲಿ ಅವೇ ಡೈಗಳಿಂದ ಹೊಚ್ಚಹೊಸ ಎಂಜಿಬಿ ಬಾಡಿಗಳು ತಯಾರಾಗತೊಡಗಿದವು. ಕೊಳೆತ ಕಾರಿನ ಎಂಜಿನ್, ಆಕ್ಸಲ್, ಸೀಟುಗಳನ್ನು ಬಿಚ್ಚಿ ಹೊಸ ಬಾಡಿಗೆ ಜೋಡಿಸಿದರೆ ಸಾಕು. ನಿಂತುಹೋದ ಕಾರಿನ ಬಾಡಿಯನ್ನೇ ಮರಳಿ ಅಚ್ಚುಹಾಕಿ ಮಾರಿದ ಈ ಕೆಲಸ ಹಳೆಯ ಕಾರುಗಳ ಚರಿತ್ರೆಯಲ್ಲಿ ಬಲು ದೊಡ್ಡದು. ಮುಂದೆ ಮಾಜ್ದಾ ಎಂಎಕ್ಸ್-5 ಬಂದು ಪುಟ್ಟ ತೆರೆದ ಕಾರಿಗೆ ಮತ್ತೆ ಗಿರಾಕಿ ಹುಟ್ಟಿದಾಗ, ಎಂಜಿಯ ಹೆಸರಿನ ಒಡೆತನ ಪಡೆದಿದ್ದ ರೋವರ್ ಕಂಪನಿ ಇದೇ ಬಾಡಿಯನ್ನು ಆಧಾರವಾಗಿಟ್ಟುಕೊಂಡು 1992ರಲ್ಲಿ ಆರ್‌ವಿ8 ಎಂಬ ಹೊಸ ಎಂಜಿಯನ್ನೇ ತಂದಿತು. ಸುಮಾರು 2,000 ತಯಾರಾದವು, ಹೆಚ್ಚಿನವು ಜಪಾನಿಗೆ ಹೋದವು.

ಈ ವಂಶಾವಳಿಯ ಒಂದು ಕೊಂಬೆ ನಮ್ಮ ಬೀದಿಗಳಿಗೂ ಚಾಚಿತ್ತು. ಹಿಂದೂಸ್ತಾನ್ ಮೋಟಾರ್ಸ್‌ನ ಮೊದಲ ಕಾರು ಹಿಂದೂಸ್ತಾನ್ 10, ಮಾರಿಸ್ ಟೆನ್ನಿನ ರೂಪ; ಟಿಸಿಯ 1250 ಸಿಸಿ ಎಂಜಿನ್ನು ಹುಟ್ಟಿದ್ದು ಆ ಮಾರಿಸ್‌ನ ಎಂಜಿನ್ನಿನಿಂದಲೇ. ಅಂಬಾಸಿಡರ್ ಕಾರಿನೊಳಗೆ ದಶಕಗಳ ಕಾಲ ಇದ್ದ 1489 ಸಿಸಿ ಪೆಟ್ರೋಲ್ ಎಂಜಿನ್ನು, 1955ರ ಎಂಜಿಎ ಸ್ಪೋರ್ಟ್ಸ್ ಕಾರಿನದೇ ಬಿ ಸರಣಿಯದು. ಎರಡರ ಬೋರು, ಸ್ಟ್ರೋಕು ಒಂದೇ. ಎಂಜಿಎಯ ಹೆಡ್ಡು, ಜೋಡಿ ಕಾರ್ಬ್ಯುರೇಟರು ಬೇರೆ, ನಿಜ. ಆದರೂ ಶಾಸಕರನ್ನು, ತಹಶೀಲ್ದಾರರನ್ನು, ಮದುವೆ ದಿಬ್ಬಣಗಳನ್ನು ಹೊತ್ತು ತಿರುಗಿದ ಕಾರಿನ ಎದೆಯಲ್ಲಿ ಒಂದು ಸ್ಪೋರ್ಟ್ಸ್ ಕಾರಿನ ಸೋದರ ಮಿಡಿಯುತ್ತಿದ್ದದ್ದು ಸುಳ್ಳಲ್ಲ. 1961ರಲ್ಲಿ ಮದರಾಸಿನಲ್ಲಿ ಶುರುವಾದ ಲ್ಯೂಕಾಸ್ ಟಿವಿಎಸ್, ಬ್ರಿಟಿಷ್ ಮಾದರಿಯ ವಿದ್ಯುತ್ ಭಾಗಗಳನ್ನು ಇಲ್ಲೇ ತಯಾರಿಸಿತು. ಅದೇ ಊರಿನಲ್ಲಿ ತಯಾರಾದ ಸ್ಟಾಂಡರ್ಡ್ ಹೆರಾಲ್ಡ್ ಕಾರಿನ ಮುಂದಿನ ಸಸ್ಪೆನ್ಷನ್ನು, ಟ್ರಯಂಫ್ ಸ್ಪಿಟ್‌ಫೈರ್ ಎಂಬ ಇನ್ನೊಂದು ಸ್ಪೋರ್ಟ್ಸ್ ಕಾರಿಗೂ ಆಧಾರ. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರುಗಳ ಅಂಗಡಿಗಳಿಗೆ ಈ ಬಂಧುತ್ವ ಹೊಸದಲ್ಲ. ಆದರೆ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತ ಮೇಲೆ ಆ ಸರಕು ವರ್ಷದಿಂದ ವರ್ಷಕ್ಕೆ ಕರಗುತ್ತಿದೆ.

ಪೆಟ್ರೋಲು ಕೂಡ ಬದಲಾಗಿದೆ. 2000ದ ಹೊತ್ತಿಗೆ ಬ್ರಿಟನ್ನಿನಲ್ಲೂ ಭಾರತದಲ್ಲೂ ಸೀಸ ಬೆರೆತ ಪೆಟ್ರೋಲು ನಿಂತಿತು. ಎಕ್ಸಾಸ್ಟ್ ವಾಲ್ವಿನ ಸೀಟು ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ. ಈಗ ಹೆಡ್ಡಿಗೆ ಗಟ್ಟಿ ಉಕ್ಕಿನ ಸೀಟು ಕೂರಿಸಬೇಕು. ಭಾರತದ ಬಂಕುಗಳಿಗೆ 2023ರಿಂದ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಬರತೊಡಗಿತು. ಹಳೆಯ ರಬ್ಬರ್ ಪೈಪು, ಡಯಾಫ್ರಮ್‌ಗಳು ಅದನ್ನು ತಾಳುವುದಿಲ್ಲ. ಬಿರುಕು ಬಿಟ್ಟ ಪೈಪಿನಿಂದ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಬೆಂಕಿ ಹತ್ತಬಹುದು. ಹಳೆಯ ಕಾರುಳ್ಳವರು ಮೊದಲು ಖರ್ಚು ಮಾಡಬೇಕಾದದ್ದು ಬಣ್ಣಕ್ಕಲ್ಲ, ಈ ಪೈಪುಗಳಿಗೆ.

ಓದುಗರ ಮನೆಯ ಶೆಡ್ಡಿನಲ್ಲೋ ಅಟ್ಟದಲ್ಲೋ ಅಜ್ಜನ ಅಂಬಾಸಿಡರಿನ, ಹೆರಾಲ್ಡಿನ ಬಿಚ್ಚಿಟ್ಟ ಭಾಗಗಳು, ಕಾರಿನ ಜೊತೆ ಬಂದ ಕೈಪಿಡಿ, ವಿಟ್‌ವರ್ತ್ ಸ್ಪ್ಯಾನರಿನ ಸೆಟ್ಟು ಇದ್ದರೆ ದಯವಿಟ್ಟು ಗುಜರಿಯವನ ತಕ್ಕಡಿಗೆ ಹಾಕಬೇಡಿ. ಅವುಗಳ ಮೇಲೆ ಅಚ್ಚಾದ ನಂಬರನ್ನು ಬರೆದುಕೊಳ್ಳಿ, ಹಳೆಯ ಕಾರುಗಳ ಕೆಲಸ ಬಲ್ಲ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿ. ಅವುಗಳಿಗಾಗಿ ಕಾಯುತ್ತಿರುವವರು ಎಲ್ಲೋ ಇದ್ದಾರೆ.