ಆಟದೊಳಗೆ ಬಂದ ಅಬ್ಬಕ್ಕ

ಕಳೆದ ರಜೆಯಲ್ಲಿ ಬಿಜೈಯ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ ಒಂದು ಚಿತ್ರ ತೋರಿಸಿದ. ತಾನು ಮಾಡಬೇಕೆಂದಿರುವ ಗುಂಡು ಹಾರಿಸುವ ವಿಡಿಯೋ ಗೇಮ್‌ಗಾಗಿ ಅವನು ಬರೆದ ಉಳ್ಳಾಲದ ರಾಣಿ ಅಬ್ಬಕ್ಕ. ಬೆಳ್ಳಗಿನ ಮೈ, ಹಿಡಿಯಷ್ಟು ಸೊಂಟ, ಇಪ್ಪತ್ತರ ಪ್ರಾಯ. "ಇವಳು ಯಾವ ಊರಿನ ಅಬ್ಬಕ್ಕ?" ಎಂದೆ. "ಗೇಮ್‌ನ ಹೀರೋಯಿನ್ ಹೀಗೇ ಇರುವುದಲ್ವಾ ಮಾಮ" ಎಂದ.

ಹುಡುಗನನ್ನು ದೂರಿ ಫಲವಿಲ್ಲ. ಈ ಆಟಗಳ ಚರಿತ್ರೆಯೇ ಅವನಿಗೆ ಅದನ್ನು ಕಲಿಸಿದೆ. 1986ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿಯ 'ಮೆಟ್ರಾಯ್ಡ್' ಬಂತು. ಕವಚ ತೊಟ್ಟು ಗುಂಡು ಹಾರಿಸುವ ಸಾಮಸ್ ಹೆಣ್ಣೆಂದು ತಿಳಿಯುವುದು ಕೊನೆಯಲ್ಲಿ. ಅದೂ ಆಟವನ್ನು ಬೇಗ ಮುಗಿಸಿದವರಿಗೆ ಮಾತ್ರ. ಇನ್ನೂ ಬೇಗ ಮುಗಿಸಿದರೆ ಅವಳ ಮೈಮೇಲೆ ಇನ್ನೂ ಕಡಿಮೆ ಬಟ್ಟೆ! ಶೌರ್ಯ ಅವಳದು, ಬಹುಮಾನ ಆಡುವವನಿಗೆ. 1996ರಲ್ಲಿ 'ಟೂಂಬ್ ರೈಡರ್'ನ ಲಾರಾ ಕ್ರಾಫ್ಟ್ ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಬಂದಾಗಲೂ ಜನ ಮಾತಾಡಿದ್ದು ಅವಳ ಮೈಕಟ್ಟಿನ ಬಗ್ಗೆಯೇ.

ಹಾಗಾದರೆ ನಿಜವಾದ ಅಬ್ಬಕ್ಕ ಹೇಗಿದ್ದಳು? ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಚೌಟ ಮನೆತನದಲ್ಲಿ ಆ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಎನ್ನುವ ಇತಿಹಾಸಕಾರರಿದ್ದಾರೆ. ಅವರಲ್ಲಿ ಒಬ್ಬಳನ್ನು ಕಣ್ಣಾರೆ ಕಂಡು ಬರೆದವನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ. 1623ರಲ್ಲಿ ಮಂಗಳೂರಿಗೆ ಸಮೀಪದ ಮಣೇಲಿನಲ್ಲಿ ಅವನಿಗೆ ಎದುರಾದ ರಾಣಿ ಕಾಲುವೆ ಕೆಲಸ ನೋಡಲು ಹೊರಟಿದ್ದಳು. ಬರಿಗಾಲು, ಕಪ್ಪು ಮೈಬಣ್ಣ, ದಪ್ಪ ಶರೀರ, ಚುರುಕು ನಡಿಗೆ, ಸುಮಾರು ನಲವತ್ತರ ಪ್ರಾಯ. ನೋಡಲು ಅಡುಗೆಯವಳಂತಿದ್ದಾಳೆ ಎಂದುಕೊಂಡ ಆ ಪರದೇಶಿಗೆ, ಅವಳು ಬಾಯಿ ತೆರೆದು ಮಾತಾಡಿದಾಗ ರಾಣಿ ಕಂಡಳು. ಪೋರ್ಚುಗೀಸರ ಬೆಂಬಲವಿದ್ದ ಗಂಡ ಬಂಗರಸನ ವಿರುದ್ಧ ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವು ಪಡೆದು ನಿಂತವಳು ಇವಳೇ.

2003ರಲ್ಲಿ ಅಬ್ಬಕ್ಕನ ವಿಶೇಷ ಅಂಚೆ ಲಕೋಟೆ ಬಂತು. 2012ರಲ್ಲಿ ಕರಾವಳಿ ರಕ್ಷಣಾ ಪಡೆಯ ಹಡಗಿಗೆ ಅವಳ ಹೆಸರಾಯಿತು. ಉಳ್ಳಾಲದಲ್ಲಿ ಪ್ರತಿಮೆಯೂ ಇದೆ. ಇಷ್ಟೆಲ್ಲ ಗೌರವದ ನಡುವೆ ಕಾಲುವೆ ನೋಡಲು ಬರಿಗಾಲಲ್ಲಿ ನಡೆದ ಆ ಕಪ್ಪು ಹೆಂಗಸು ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಮಾತು. ಗುಂಡಿನ ಆಟದಲ್ಲಿ ನಾಯಕಿ ಹೆಚ್ಚಾಗಿ ಒಂಟಿ. ಜನರ ನೆನಪಿನ ಅಬ್ಬಕ್ಕ ಒಂಟಿಯಲ್ಲ. ಅವಳ ಜೊತೆ ಮೊಗವೀರರಿದ್ದರು, ಬ್ಯಾರಿಗಳಿದ್ದರು. ಕೋಟೆ ಬಿದ್ದ ರಾತ್ರಿ ಆಶ್ರಯ ಕೊಟ್ಟದ್ದು ಮಸೀದಿ ಎನ್ನುತ್ತದೆ ಆ ನೆನಪು. ಅದನ್ನು ಬಿಟ್ಟು ಮಾಡಿದ ಆಟ ಎಷ್ಟು ಚೆಂದವಿದ್ದರೂ ಅಬ್ಬಕ್ಕನದಾಗುವುದಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. 2016ರ 'ಓವರ್‌ವಾಚ್' ಆಟದಲ್ಲಿ ಆನಾ ಎಂಬ ಈಜಿಪ್ಟಿನ ಬಂದೂಕುಗಾರ್ತಿ ಇದ್ದಾಳೆ. ಪ್ರಾಯ ಅರವತ್ತು, ಒಬ್ಬ ಮಗಳ ತಾಯಿ. ಅವಳನ್ನೂ ಆಡುವವರು ಮೆಚ್ಚಿದರು.

ಇದನ್ನೆಲ್ಲ ಕೇಳಿದ ಹುಡುಗ ಮರುದಿನ ಹೊಸ ಚಿತ್ರ ತಂದ. ಸೊಂಟ ದಪ್ಪವಾಗಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ, ಹಿಂದೆ ದೋಣಿಗಳೂ ಜನರೂ ಇದ್ದರು. ಮೈಬಣ್ಣ ಮಾತ್ರ ಇನ್ನೂ ಬೆಳ್ಳಗೇ ಇತ್ತು.