ಮಂಡಳಿಗಳಿದ್ದರೂ ವಿಶ್ವವಿದ್ಯಾಲಯದ ನಿರ್ಧಾರ ಮೇಲಿಂದಲೇ ಬರುವುದೇಕೆ?

ಪದವಿಗೆ ಏನು ಓದಿಸಬೇಕು, ಎಷ್ಟು ವರ್ಷ ಓದಿಸಬೇಕು ಎಂಬುದನ್ನು ಕುಲಪತಿ ಒಬ್ಬರೇ ತೀರ್ಮಾನಿಸುವಂತಿಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಇಂಥ ವಿಷಯ ಮೊದಲು ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ಚರ್ಚೆಯಾಗಿ, ನಂತರ ಎಕ್ಸಿಕ್ಯುಟಿವ್ ಕೌನ್ಸಿಲ್‌ಗೆ ಹೋಗಬೇಕು. ಇದು ಕರ್ನಾಟಕದ ವಿವಿಗಳ ಸಿಂಡಿಕೇಟ್ ಇದ್ದಂತೆ.

ಕಾಗದದ ಮೇಲೆ ವ್ಯವಸ್ಥೆ ಚೆನ್ನಾಗಿಯೇ ಇದೆ. ಆದರೆ 2012ರಲ್ಲಿ ನಡೆದದ್ದೇ ಬೇರೆ.

ನಾಲ್ಕು ವರ್ಷದ ಪದವಿಗೆ ಅಕಾಡೆಮಿಕ್ ಕೌನ್ಸಿಲ್ ಡಿಸೆಂಬರ್ 24ರಂದು ಒಪ್ಪಿಗೆ ಕೊಟ್ಟಿತು. ಎರಡೇ ದಿನದಲ್ಲಿ, ಡಿಸೆಂಬರ್ 26ರಂದು, ಎಕ್ಸಿಕ್ಯುಟಿವ್ ಕೌನ್ಸಿಲ್ ಕೂಡ ಅಸ್ತು ಎಂದಿತು. ಚುನಾಯಿತ ಸದಸ್ಯರಲ್ಲಿ ಕೆಲವರು ಭಿನ್ನಮತ ದಾಖಲಿಸಿದರು, ಅಷ್ಟೇ. ಮುಂದಿನ ಜುಲೈಗೆ ತರಗತಿಗಳು ಶುರು! 11 ಕಡ್ಡಾಯ ಫೌಂಡೇಶನ್ ಕೋರ್ಸ್‌ಗಳ ಪಠ್ಯಕ್ರಮ ಕೆಲವೇ ತಿಂಗಳಲ್ಲಿ ಸಿದ್ಧವಾಗಬೇಕಾಯಿತು.

ತಡೆಯುವವರು ಇರಲಿಲ್ಲವೇ? ಇದ್ದರು, ಆದರೆ ಸಂಖ್ಯೆ ಅವರ ಕಡೆ ಇರಲಿಲ್ಲ. ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ಶಿಕ್ಷಕರು ಆರಿಸಿ ಕಳಿಸುವ ಸದಸ್ಯರು 26 ಮಂದಿ. ಉಳಿದವರಲ್ಲಿ ಹೆಚ್ಚಿನವರು ಹುದ್ದೆಯ ಬಲದಿಂದ ಬರುವ ವಿಭಾಗ ಮುಖ್ಯಸ್ಥರು, ಪ್ರಾಂಶುಪಾಲರು, ಪ್ರಾಧ್ಯಾಪಕರು. ಮುಖ್ಯಸ್ಥರನ್ನು ನೇಮಿಸುವವರು ಕುಲಪತಿಯೇ. ಸಭೆಯ ಅಧ್ಯಕ್ಷರೂ ಅವರೇ. ಹೀಗಿರುವಾಗ ಎದುರು ಮಾತಾಡುವುದು ಸುಲಭವಲ್ಲ. ಎಕ್ಸಿಕ್ಯುಟಿವ್ ಕೌನ್ಸಿಲ್‌ನಲ್ಲಂತೂ ಶಿಕ್ಷಕರ ಚುನಾಯಿತ ಪ್ರತಿನಿಧಿಗಳು ಇಬ್ಬರೇ.

ಅದಕ್ಕಿಂತ ದೊಡ್ಡ ಅಡ್ಡಿ ಕಾಲೇಜುಗಳ ಸ್ಟಾಫ್ ರೂಮಿನಲ್ಲಿತ್ತು. ಆಗ ಪಾಠ ಮಾಡುತ್ತಿದ್ದವರಲ್ಲಿ ಸಾವಿರಾರು ಮಂದಿ ಅಡ್‌ಹಾಕ್ ಶಿಕ್ಷಕರು. ಅವರ ನೇಮಕ ಒಂದು ಬಾರಿಗೆ ಹೆಚ್ಚೆಂದರೆ 120 ದಿನಕ್ಕೆ. ನಾಲ್ಕು ತಿಂಗಳಿಗೊಮ್ಮೆ ನೌಕರಿ ನವೀಕರಣವಾಗಬೇಕಾದವರು ಹೊಸ ಪಠ್ಯಕ್ರಮ ಸರಿಯಿಲ್ಲ ಎಂದು ಎದ್ದು ನಿಲ್ಲುವುದು ಹೇಗೆ? ಹೊಸ ಕೋರ್ಸ್‌ಗಳನ್ನು ತರಗತಿಯಲ್ಲಿ ಕಲಿಸಬೇಕಾದವರು ಮಾತ್ರ ಇವರೇ.

ವಿಚಿತ್ರವೆಂದರೆ, ಯೋಜನೆ ಹೋದದ್ದೂ ಬಂದ ದಾರಿಯಲ್ಲೇ. 2014ರಲ್ಲಿ ಕೇಂದ್ರದಲ್ಲಿ ಸರ್ಕಾರ ಬದಲಾಯಿತು. ಜೂನ್ 20ರಂದು ಯುಜಿಸಿ ಮೂರು ವರ್ಷದ ಪದವಿಗೇ ಪ್ರವೇಶ ಕೊಡುವಂತೆ ಸೂಚಿಸಿತು, ಜೂನ್ 27ರಂದು ವಿವಿ ಯೋಜನೆ ಕೈಬಿಟ್ಟಿತು. ಪ್ರವೇಶಕ್ಕೆ ಕಾದಿದ್ದ ವಿದ್ಯಾರ್ಥಿಗಳು ಆ ವಾರವಿಡೀ ಅತಂತ್ರರಾದರು. ಯೋಜನೆಯನ್ನು ವಿರೋಧಿಸಿದ್ದ ಶಿಕ್ಷಕರಿಗೆ ಗೆಲುವು ಸಿಕ್ಕಿತು ನಿಜ, ಆದರೆ ಅದನ್ನು ಕೊಟ್ಟದ್ದು ಅವರ ಕೌನ್ಸಿಲ್ ಅಲ್ಲ, ಹೊರಗಿನ ಆದೇಶ. 2013ರಲ್ಲಿ ಸೇರಿದವರು ಬಹುತೇಕ ಮೂರು ವರ್ಷದ ಪದವಿಗೆ ಮರಳಿದರು. ನಾಲ್ಕು ವರ್ಷದ ಬಿ.ಟೆಕ್ ಸೇರಿದ್ದವರು ಬೀದಿಗಿಳಿದು ಪ್ರತಿಭಟಿಸಿ ತಮ್ಮ ಕೋರ್ಸ್ ಉಳಿಸಿಕೊಂಡರು.

2022ರಲ್ಲಿ ದೆಹಲಿ ವಿವಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ಮತ್ತೆ ನಾಲ್ಕು ವರ್ಷದ ಚೌಕಟ್ಟಿಗೆ ಬಂತು. ಕರ್ನಾಟಕದ್ದೂ ಹತ್ತಿರದ ಕಥೆಯೇ: ಅದೇ ನೀತಿಯಡಿ 2021ರಲ್ಲಿ ಶುರುವಾದ ನಾಲ್ಕು ವರ್ಷದ ಪದವಿಯನ್ನು ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಆಧರಿಸಿ 2024ರ ಮೇ ತಿಂಗಳಲ್ಲಿ ಸರ್ಕಾರ ಮೂರು ವರ್ಷಕ್ಕೆ ಇಳಿಸಿತು. ತಂದದ್ದೂ ತೆಗೆದದ್ದೂ ರಾಜ್ಯ ಸರ್ಕಾರದ ಆದೇಶವೇ.